ಬೇಟೆಗಾರರ ಮರ್ಯಾದೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರಿನ ಹೆಸರು ಕನ್ನಡ ನಾಡಿನ ಚರಿತ್ರೆಯನ್ನು ಓದಿದವರಿಗೆಲ್ಲ ಪರಿಚಿತವಾದದ್ದು. ಊರು ಚಿಕ್ಕದು, ಕೀರ್ತಿಯೆಲ್ಲ ಅಲ್ಲಿದ್ದ ಒಂದು ಕಲ್ಲಿನದು. ಬಿ. ಎಲ್. ರೈಸ್ ಅವರು 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಅದರ ಪಾಠವಿದೆ. ಫ್ಲೀಟ್ ಅವರೂ ಅದನ್ನು ಎಪಿಗ್ರಾಫಿಯಾ ಇಂಡಿಕದಲ್ಲಿ ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದರ ಮೇಲುಭಾಗದಲ್ಲಿ ಒಂದು ನಾಯಿಯೂ ಒಂದು ಹಂದಿಯೂ ಸೆಣಸುತ್ತಿರುವ ಚಿತ್ರ. ಸುತ್ತಲೂ ಹಳಗನ್ನಡದ ಬರಹ.

ಚರಿತ್ರಕಾರರಿಗೆ ಈ ಬರಹ ಬೆಲೆಯುಳ್ಳದ್ದಾದುದು ಯುದ್ಧದ ಕಾರಣದಿಂದ. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಅವನ ಮೈದುನನಾದ ಗಂಗ ಬೂತುಗನೂ ಚೋಳ ರಾಜಾದಿತ್ಯನನ್ನು ತಕ್ಕೋಲದಲ್ಲಿ ಎದುರಿಸಿದರು. ಆನೆಯ ಮೇಲಿದ್ದ ರಾಜಾದಿತ್ಯ ಅಲ್ಲಿ ಮಡಿದ. ಇದು 949ರ ಸುಮಾರಿನ ಮಾತು. ಗೆಲವಿನ ಸಂತೋಷದಲ್ಲಿ ಕೃಷ್ಣನು ಬೂತುಗನಿಗೆ ಬನವಾಸಿ, ಬೆಳ್ವೊಲ ಮೊದಲಾದ ನಾಡುಗಳನ್ನು ಕೊಟ್ಟ. ಬೂತುಗನ ಕಡೆಯ ವೀರನಾದ ಮಣಲೆರ ಎಂಬುವನಿಗೂ ಊರುಗಳು ಬಂದವು. ಆದರೆ ಒಡೆಯನು ಮೆಚ್ಚಿ ಏನು ಬೇಕೋ ಬೇಡಿಕೊ ಎಂದಾಗ ಮಣಲೆರ ಬೇಡಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ.

ಕಾಳಿಯ ಕಥೆ ಮುಂದೆ ಹೆಚ್ಚಿಲ್ಲ. ಕೇಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಅದನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಮಣಲೆರ ಆತಕೂರಿನಲ್ಲಿ ಚೆಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಡೆಸಿ, ಊರಿನ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗದ ಮಣ್ಣನ್ನು ಅದಕ್ಕೆ ಬಿಟ್ಟ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ. ಆ ಮಣ್ಣನ್ನು ಕೆಡಿಸಿದವನು ಊರನ್ನಾಳುವವನಾಗಲಿ ನಾಡನ್ನಾಳುವವನಾಗಲಿ ಅವನಿಗೂ ಅದೇ ಪಾಪ. ಇಷ್ಟೇ ಬರಹ.

ತಕ್ಕೋಲದ ಯುದ್ಧವನ್ನು ಕುರಿತು ಬರೆದವರು ಅನೇಕರಿದ್ದಾರೆ. ನನಗೆ ಆಸಕ್ತಿ ಇರುವುದು ಆ ಮೊರಡಿಯ ವಿಷಯದಲ್ಲಿ. ಮೊರಡಿ ಎಂದರೆ ಕಲ್ಲುಗುಡ್ಡ, ಉಳುಮೆಗೆ ಬಾರದ ನೆಲ. ಇಂದಿಗೂ ಮಂಡ್ಯದ ಸೀಮೆಯಲ್ಲಿ ಮರಡಿ ಎಂಬ ಮಾತು ಊರಹೆಸರುಗಳಲ್ಲಿ ಉಳಿದಿದೆ. ಅಂಥ ನೆಲ ಯಾರೊಬ್ಬರದೂ ಆಗಿರುವುದಿಲ್ಲ, ಎಲ್ಲರದೂ ಆಗಿರುತ್ತದೆ. ದನ ಮೇಯುವುದು ಅಲ್ಲಿ, ಸೌದೆ ತರುವುದು ಅಲ್ಲಿಂದ, ಮೊಲಕ್ಕೆ ಬಲೆ ಕಟ್ಟುವುದೂ ಅಲ್ಲಿಯೇ. ಹೀಗೆ ಹತ್ತು ಜನಕ್ಕೆ ಸೇರಿದ ನೆಲದಲ್ಲಿ ಒಬ್ಬ ದಂಡಿನವನು ಬಂದು ಬೇಟೆಯಾಡುವಾಗ ಉಳಿದವರಿಗೂ ಅವನಿಗೂ ನಡುವೆ ಇದ್ದ ಕಟ್ಟುಪಾಡು ಏನು? ಇಬ್ಬರು ಬೇಟೆಗಾರರು ಒಂದೇ ಹಂದಿಯನ್ನು ಎಬ್ಬಿಸಿದರೆ ಅದು ಯಾರದು? ಹಕ್ಕಿಗಿಂತ ಕೋವಿ ಹೆಚ್ಚಾದಾಗ ಹಿಂದೆ ಸರಿಯಬೇಕಾದವರು ಯಾರು? ಚರಿತ್ರೆಯ ಪುಸ್ತಕಗಳಲ್ಲಿ ಈ ಪ್ರಶ್ನೆಗಳಿಗೆ ಅಧ್ಯಾಯವಿಲ್ಲ. ಉತ್ತರಗಳು ಮಾತ್ರ ಅಲ್ಲಲ್ಲಿ ಚೆದುರಿಕೊಂಡಿವೆ.

ಎರಡನೆಯ ಪ್ರಶ್ನೆಗೆ ನಮ್ಮ ದೇಶದಲ್ಲಿ ಬಲು ಹಳೆಯ ಮೊಕದ್ದಮೆಯೊಂದು ಇದೆ. ಇಂದ್ರಕೀಲದಲ್ಲಿ ತಪಸ್ಸು ಮಾಡುತ್ತಿದ್ದ ಅರ್ಜುನನ ಮೇಲೆ ಮೂಕನೆಂಬ ದಾನವ ಹಂದಿಯ ರೂಪದಲ್ಲಿ ಬಂದ. ಅರ್ಜುನನ ಬಾಣವೂ ಕಿರಾತವೇಷದ ಶಿವನ ಬಾಣವೂ ಒಟ್ಟಿಗೆ ತಗುಲಿದವು. ಆಗ ಅರ್ಜುನ ಎತ್ತುವ ಆಕ್ಷೇಪವನ್ನು ವ್ಯಾಸಭಾರತದ ವನಪರ್ವದಲ್ಲಿ ನೋಡಬೇಕು. ನಾನು ಮೊದಲೇ ಗುರಿ ಹಿಡಿದ ಪ್ರಾಣಿಗೆ ನೀನು ಹೊಡೆದದ್ದು ಮೃಗಯಾಧರ್ಮವಲ್ಲ ಎಂಬುದು ಅವನ ವಾದ. ಕಿರಾತನೂ ಸುಮ್ಮನಿರುವುದಿಲ್ಲ, ಮೊದಲು ಗುರಿಯಿಟ್ಟವನು ತಾನೆಂದೇ ಅವನೂ ಸಾಧಿಸುತ್ತಾನೆ. ಗಮನಿಸತಕ್ಕ ಅಂಶವೆಂದರೆ, ಹೊಡೆದಾಟಕ್ಕೆ ನಿಂತ ಇಬ್ಬರಿಗೂ ನಿಯಮದ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಮೊದಲು ಹಿಡಿದವನದೇ ಹಕ್ಕು ಎಂಬುದನ್ನು ಕಾಡಿನ ಬೇಡನೂ ಅರಮನೆಯ ಕ್ಷತ್ರಿಯನೂ ಒಪ್ಪುತ್ತಾರೆ. ಜಗಳವೆಲ್ಲ ಮೊದಲು ಯಾರು ಎಂಬುದರಲ್ಲಿ.

ಈ ಪ್ರಸಂಗ ನಮ್ಮ ಪಂಪನ ಕಾವ್ಯದಲ್ಲಿಯೂ ಬರುತ್ತದೆ. ಪಂಪ ತನ್ನ ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ್ದು 941ರಲ್ಲಿ. ಆತಕೂರಿನ ಕಲ್ಲು ನಿಂತದ್ದು ಅದಾದ ಎಂಟೊಂಬತ್ತು ವರ್ಷಕ್ಕೆ. ಮಣಲೆರನ ಕಾಲದವರಿಗೆ ಹಂದಿಗಾಗಿ ಹೋರಾಡಿದ ಅರ್ಜುನನ ಕಥೆ ಚೆನ್ನಾಗಿ ತಿಳಿದಿತ್ತೆಂದು ಭಾವಿಸಲು ಅಡ್ಡಿಯಿಲ್ಲ. ಇನ್ನೊಂದು ಸ್ವಾರಸ್ಯ: ಸ್ಥಳಪುರಾಣ ಮದ್ದೂರನ್ನು ಅರ್ಜುನಪುರಿ ಎಂದು ಕರೆಯುತ್ತದೆ. ಟಿಪ್ಪುವಿನ ಕಾಲದಲ್ಲಿ ಮದ್ದು ಕೂಡಿಟ್ಟದ್ದರಿಂದ ಮದ್ದೂರಾಯಿತೆಂದು ಜನ ಹೇಳುವುದುಂಟು. ಆದರೆ ಮರುದೂರು ಎಂಬ ಹಳೆಯ ರೂಪ ಇದ್ದುದರಿಂದ ಆ ಮಾತು ನಿಲ್ಲುವುದಿಲ್ಲ. ಬಾಣವೋ ಮದ್ದೋ, ಊರ ಹೆಸರಿನ ಎರಡು ಕಥೆಗಳಲ್ಲಿಯೂ ಆಯುಧದ ವಾಸನೆಯಿರುವುದು ವಿನೋದದ ಸಂಗತಿ.

ಪುರಾಣದ ನಿಯಮ ಹಾಗಿರಲಿ. ಹಳ್ಳಿಯ ಬೇಟೆಯಲ್ಲಿ ಒಬ್ಬನೇ ಹೊಡೆಯುವುದು ಅಪರೂಪ. ಅಲ್ಲಿ ಬಲೆ ಕಟ್ಟುವವರು ಕೆಲವರು, ಪೊದೆ ಬಡಿದು ಸೋಹುವವರು ಕೆಲವರು, ಕಂಡಿಯಲ್ಲಿ ಕಾಯುವವರು ಕೆಲವರು. ಮಲೆನಾಡಿನಲ್ಲಿಯೂ ಹಳು ನುಗ್ಗುವವರು ಬೇರೆ, ಬಿಲ್ಲಿಗೆ ಕೂರುವವರು ಬೇರೆ. ಬಿಲ್ಲಿಗೆ ಕೂತವನು ಹಳು ಮುಗಿಯುವ ತನಕ ಜಾಗ ಬಿಟ್ಟು ಕದಲಬಾರದು. ಇದು ಸೌಜನ್ಯವೂ ಹೌದು, ಪ್ರಾಣರಕ್ಷಣೆಯೂ ಹೌದು. ಹೊಡೆದವನಿಗೆ ವಿಶೇಷ ಗೌರವ ಸಲ್ಲುತ್ತಿತ್ತು. ಕೊಡಗಿನಲ್ಲಿ ಹುಲಿ ಕೊಂದವನಿಗೆ ನರಿಮಂಗಲವೆಂದು ಮದುವೆಯಂತೆಯೇ ಸಂಭ್ರಮ ಮಾಡುತ್ತಿದ್ದರು. ಕೊಡವರ ಮಾತಿನಲ್ಲಿ ನರಿಯೆಂದರೆ ಹುಲಿ. ಗೌರವ ಒಬ್ಬನಿಗೆ, ಮಾಂಸ ಮಾತ್ರ ಕೂಡಿ ಹೋದವರಿಗೆಲ್ಲ.

ಹಂಚಿಕೆಯ ಆ ಲೆಕ್ಕವನ್ನು ಮಂಡ್ಯದ ಸೀಮೆಯಲ್ಲಿ ಇಂದಿಗೂ ಕಣ್ಣಾರೆ ಕಾಣಬಹುದು. ಯುಗಾದಿಯ ಮಾರನೆಯ ದಿನ ಹೊಸತೊಡಕು. ಅಂದು ಊರವರು ಚೀಟಿ ಹಾಕಿ ಕೂಡಿಸಿದ ಹಣದಲ್ಲಿ ಕುರಿ ತಂದು ಕೊಯ್ದು, ಮಾಂಸವನ್ನು ಸಮಸಮನಾಗಿ ಗುಡ್ಡೆ ಹಾಕುತ್ತಾರೆ. ತಲೆಯ ಭಾಗ, ತೊಡೆಯ ಭಾಗ, ಈಲಿ, ಎಲುಬು ಎಲ್ಲವೂ ಪ್ರತಿ ಗುಡ್ಡೆಗೂ ಸ್ವಲ್ಪ ಸ್ವಲ್ಪ ಬೀಳಬೇಕು. ಗುಡ್ಡೆಬಾಡು ಎಂದು ಅದಕ್ಕೆ ಹೆಸರು. ತಕ್ಕಡಿ ಹಿಡಿದು ತೂಗಿದ ಅಂಗಡಿಯ ಮಾಂಸಕ್ಕಿಂತ ಈ ಗುಡ್ಡೆಯೇ ರುಚಿಯೆಂದು ಹೇಳುವವರನ್ನು ನಾನು ಬಲ್ಲೆ. ಬೇಟೆ ನಿಂತು ಎಷ್ಟೋ ಕಾಲವಾದ ಮೇಲೂ ಬೇಟೆಯ ಪಂಕ್ತಿಯ ನ್ಯಾಯ ಅದರಲ್ಲಿ ಉಳಿದಿದೆಯೆಂದು ನನ್ನ ಊಹೆ.

ಇನ್ನು ರಾಜರ ಬೇಟೆ. ಅದರಲ್ಲಿ ಮರ್ಯಾದೆಯ ಪ್ರಶ್ನೆ ಹುಟ್ಟುವುದೇ ಇಲ್ಲ. ಒಡೆಯನು ಇರುವಾಗ ಬೇರೆ ಯಾರೂ ಹೊಡೆಯುವಂತಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಜಿಂಕೆಯ ಬೇಟೆಗೆ ಸಿವಂಗಿಗಳನ್ನು ಸಾಕಿದ್ದ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅವು ಆರ್ಥರ್ ವೆಲ್ಲೆಸ್ಲಿಯ ವಶಕ್ಕೆ ಬಂದವು. ಸಿವಂಗಿಯ ಬೇಟೆಯೂ ಆಮೇಲೆ ನಿಂತುಹೋಯಿತು, ಸಿವಂಗಿಯೂ ಭಾರತದ ನೆಲದಿಂದ ಮಾಯವಾಯಿತು. ಈಚೆಗೆ, 2022ರಲ್ಲಿ, ಆಫ್ರಿಕದಿಂದ ಕೆಲವನ್ನು ತಂದು ಮಧ್ಯಪ್ರದೇಶದ ಕುನೊದಲ್ಲಿ ಬಿಟ್ಟಿರುವುದು ಓದುಗರಿಗೆ ಗೊತ್ತಿದೆ.

ಹಳೆಯ ಕಟ್ಟುಪಾಡುಗಳು ಸಡಿಲವಾದದ್ದು ರೈಲಿನಿಂದ. ಬೆಂಗಳೂರಿಗೂ ಮೈಸೂರಿಗೂ ನಡುವೆ 1881-82ರಲ್ಲಿ ರೈಲು ಓಡಲು ಆರಂಭವಾಯಿತು. ದಂಡು ಪ್ರದೇಶದ ದೊರೆಗಳಿಗೆ ಮದ್ದೂರು, ಮಂಡ್ಯಗಳು ಒಂದು ರಜಾದಿನದಲ್ಲಿ ಹೋಗಿಬರುವ ಊರುಗಳಾದವು. ಒಂದೆಡೆ ಕೋವಿ ಸುಧಾರಿಸಿತು. ಹಿಂಬದಿಯಿಂದ ತೋಟಾ ತುಂಬುವ ಕೋವಿಯಿಂದ ಒಬ್ಬನೇ ಮನುಷ್ಯ ಒಂದು ಬೆಳಿಗ್ಗೆಯಲ್ಲಿ ಹೊಡೆಯಬಹುದಾದ ಹಕ್ಕಿಯ ಲೆಕ್ಕವೇ ಬೇರೆಯಾಯಿತು. ಮತ್ತೊಂದೆಡೆ ನೆಲವೂ ಬದಲಾಗತೊಡಗಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಿ, 1930ರ ದಶಕದಲ್ಲಿ ಇರ್ವಿನ್ ನಾಲೆಯ, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ರಾಗಿ, ಹುರುಳಿಯ ಬೆದ್ದಲು ಗದ್ದೆಯಾಯಿತು, ಕಬ್ಬಿನ ತೋಟವಾಯಿತು. ಬಯಲಿನ ಹುಲ್ಲೆಗೆ ಎಡೆ ತಪ್ಪಿತು. ಕೆಸರಿನ ಹಕ್ಕಿಗೆ ಎಡೆಯಾಯಿತು.

ಆ ಕೆಸರಿನ ಹಕ್ಕಿಯೇ ಇಂಗ್ಲಿಷಿನವರ ಸ್ನೈಪ್. ಚಳಿಗಾಲಕ್ಕೆ ಉತ್ತರದಿಂದ ಬರುವ ಉದ್ದ ಕೊಕ್ಕಿನ ಈ ಸಣ್ಣ ಹಕ್ಕಿ ಕೆರೆಯಂಚಿನಲ್ಲಿ, ಕೊಯ್ದ ಗದ್ದೆಯ ಕೂಳೆಯಲ್ಲಿ ಅಡಗಿದ್ದು, ಕಾಲ ಬುಡದಿಂದ ತಟ್ಟನೆ ಎದ್ದು ಓರೆಯೋರೆಯಾಗಿ ಹಾರುತ್ತದೆ. ಅದನ್ನು ಹೊಡೆಯಲು ದೊರೆಗಳು ಒಂದು ಪಂಕ್ತಿಯಾಗಿ ಸಮಾನ ಅಂತರದಲ್ಲಿ ನಡೆಯುತ್ತಿದ್ದರು. ಪಂಕ್ತಿಗಿಂತ ಮುಂದೆ ಹೋಗಬಾರದು, ಹಿಂದೆಯೂ ಬೀಳಬಾರದು. ಪಕ್ಕದವನ ಎದುರು ಎದ್ದ ಹಕ್ಕಿಗೆ ಕೋವಿ ಎತ್ತಬಾರದು. ಕೋವಿಯನ್ನು ಪಂಕ್ತಿಯ ಉದ್ದಕ್ಕೆ ತಿರುಗಿಸಲೇಬಾರದು. ಹುಲಿಯ ಬೇಟೆಯಲ್ಲಿ ಮೊದಲ ಗುಂಡು ತಗುಲಿಸಿದವನದೇ ಹುಲಿ. ಆಮೇಲೆ ಹತ್ತು ಜನ ಹೊಡೆದು ಕೆಡವಿದರೂ ಚರ್ಮ ಅವನಿಗೆ. ಅರ್ಜುನನೂ ಕಿರಾತನೂ ಒಪ್ಪಿದ ನ್ಯಾಯವನ್ನೇ ಇವರೂ ಒಪ್ಪಿದ್ದರು. ಕಾಡಿನಲ್ಲಿ ಜನ ಹೆಚ್ಚಿದಾಗ ಅರಣ್ಯ ಇಲಾಖೆಗಳು ಇನ್ನೊಂದು ಉಪಾಯ ಮಾಡಿದವು. ಕಾಡನ್ನು ಬ್ಲಾಕುಗಳಾಗಿ ಹಂಚಿ, ಒಂದು ಬ್ಲಾಕನ್ನು ಗೊತ್ತಾದ ದಿನಗಳ ಮಟ್ಟಿಗೆ ಒಬ್ಬನಿಗೇ ಬರೆದುಕೊಡುವುದು. ಆ ಅವಧಿಯಲ್ಲಿ ಬೇರೊಬ್ಬ ಅಲ್ಲಿ ಕಾಲಿಡುವಂತಿಲ್ಲ. ನೂಕುನುಗ್ಗಲನ್ನು ಮರ್ಯಾದೆಯಿಂದ ತಡೆಯಲಾಗದೆ ಕಾಗದದಿಂದ ತಡೆದರೆನ್ನಬಹುದು. ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನಿನ ರಕ್ಷಣೆಗೆಂದು ಒಂದು ರೆಗ್ಯುಲೇಷನ್ನನ್ನು ಜಾರಿಗೆ ತಂದಿತು.

ಈ ನಿಯಮಗಳನ್ನು ನಾನು ಹಳಿಯುವುದಿಲ್ಲ. ಶಿಸ್ತು ಇತ್ತು, ಸಂಯಮವೂ ಇತ್ತು. ಆದರೆ ಇವೆಲ್ಲ ಕೋವಿ ಹಿಡಿದವರು ಕೋವಿ ಹಿಡಿದ ಇನ್ನೊಬ್ಬರಿಗೆ ತೋರಿಸಿದ ಸೌಜನ್ಯ. ಕೆರೆ ಯಾವ ಊರಿನದೋ ಆ ಊರಿಗೆ ಅದರಲ್ಲಿ ಸ್ಥಾನವೆಲ್ಲಿ? 1888ರ ಮೈಸೂರು ಲ್ಯಾಂಡ್ ರೆವಿನ್ಯೂ ಕೋಡಿನ ಕಾಲದಿಂದ ಗೋಮಾಳವೆಂದು ಬರೆದಿಟ್ಟ ನೆಲವೂ ದನಗಳ ಮೇವಿನ ಮಟ್ಟಿಗೆ ಮಾತ್ರ ಊರಿಗೆ ಬಿಟ್ಟದ್ದು. ಹಳೆಯ ಬೇಟೆಯಲ್ಲಿ ಪೊದೆ ಬಡಿದವನಿಗೆ ಪಾಲು ಹಕ್ಕಿನಿಂದ ಬರುತ್ತಿತ್ತು. ದೊರೆಯ ಬೇಟೆಯಲ್ಲಿ ಅವನು ದಿನಗೂಲಿಯವನಾದ. ಮಣಲೆರ ದೊಡ್ಡವನೇ, ಊರುಗಳನ್ನು ಉಂಬಳಿ ಪಡೆದವನೇ. ಆದರೂ ಮೊರಡಿಯಲ್ಲಿ ಬೇಟೆಯಾಡಿದ ಮೇಲೆ ಅವನು ಊರ ದೇವಾಲಯದ ಮುಂದೆ ಬಂದು ನಿಂತ, ಕೆರೆಯ ಕೆಳಗೆ ನೆಲ ಬಿಟ್ಟ. ನಾಯಿಯ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದನೆಂದು ಹೇಳಬಹುದು. ಪ್ರೀತಿಯ ಕಾಣಿಕೆ ಬಂದು ಸೇರಿದ್ದು ಮಾತ್ರ ಊರಿಗೆ.

ಮಳವಳ್ಳಿಯ ಕಡೆಗೆ ಬಂದರೆ ಇದೇ ಪ್ರಶ್ನೆ ನೀರಿನಲ್ಲಿ ಕಾಣಿಸುತ್ತದೆ. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಮುತ್ತತ್ತಿ, ಭೀಮೇಶ್ವರಿಗಳ ಮುಂದೆ ಕಾಡಿನ ಕಣಿವೆಯಲ್ಲಿ ಹರಿದು ಮೇಕೆದಾಟಿಗೆ ಹೋಗುತ್ತದೆ. ಅಲ್ಲಿಯ ಮಡುಗಳಲ್ಲಿರುವ ಮಹಸೀರ್ ಎಂಬ ಮಹಾಮತ್ಸ್ಯ ಗಾಳದವರಲ್ಲಿ ಲೋಕಪ್ರಸಿದ್ಧ. ಕಾವೇರಿಯ ಉಪನದಿಯಾದ ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮೀನು 120 ಪೌಂಡು ತೂಗಿತ್ತು. ನದಿಗೆ ಎಲ್ಲರೂ ಒಡೆಯರು. ಆದ್ದರಿಂದ ಕೆಲವರು ಸಿಡಿಮದ್ದು ಹಾಕಿ ಒಂದೇ ಸಲಕ್ಕೆ ಮಡುವನ್ನೇ ಬರಿದುಮಾಡುವ ದುರಭ್ಯಾಸಕ್ಕೆ ಬಿದ್ದರು. 1972ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ವನ್ಯಜೀವಿ ಸಂಘದವರು ನದಿಯ ಈ ಭಾಗದಲ್ಲಿ ಹೊಳೆಯನ್ನು ಗುತ್ತಿಗೆ ಪಡೆದು ಕಾವಲು ಹಾಕಿದರು. ಗಾಳದವರು ಹಿಡಿದ ಮೀನನ್ನು ತೂಕ ನೋಡಿ ಮತ್ತೆ ಹೊಳೆಗೆ ಬಿಡಬೇಕೆಂಬ ಪದ್ಧತಿ ಬೆಳೆಯಿತು. 1987ರಲ್ಲಿ ಈ ಕಾಡು ಕಾವೇರಿ ವನ್ಯಧಾಮವಾಯಿತು. 2010ರ ದಶಕದ ಆರಂಭದಲ್ಲಿ ಗಾಳದ ಆಟವೂ ಅಲ್ಲಿ ನಿಂತಿತು. ಹಿಡಿದು ಬಿಡುವುದು ದೊಡ್ಡ ಸೌಜನ್ಯವೆಂದು ಒಪ್ಪುತ್ತೇನೆ. ಹೊಳೆಯನ್ನೇ ನಂಬಿದ ದಡದ ಬೆಸ್ತರಿಗೆ ಅದು ಹೇಗೆ ಕಂಡಿರಬೇಕೆಂದೂ ಯೋಚಿಸುತ್ತೇನೆ. ಇದೇ ಕಾವೇರಿಯ ಮೇಲುಭಾಗದ ರಾಮನಾಥಪುರದಲ್ಲಿ ಗುತ್ತಿಗೆಯ ಕಾಗದವಿಲ್ಲದೆಯೇ ದೇವರ ಮೀನೆಂದು ಜನ ಮೀನುಗಳಿಗೆ ಅಕ್ಕಿ ಚೆಲ್ಲುತ್ತಾರೆ. ಹಿಡಿಯುವ ಮಾತನ್ನು ಯಾರೂ ಎತ್ತುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೂ ಕೆಲವು ಪ್ರಾಣಿಪಕ್ಷಿಗಳ ಬೇಟೆಗೆ ಲೈಸೆನ್ಸು ಸಿಗುತ್ತಿತ್ತು. 1991ರ ತಿದ್ದುಪಡಿಯೊಡನೆ ವಿನೋದದ ಬೇಟೆ ಪೂರ್ತಿಯಾಗಿ ಮುಗಿಯಿತು. ಕೋವಿಯ ಪಂಕ್ತಿಯೂ ಬ್ಲಾಕಿನ ಕಾಗದವೂ ಅಲ್ಲಿಗೆ ಹಳೆಯ ಕಥೆಯಾದವು.

ಆದರೆ ಸರ್ಕಾರದ ಕಣ್ಣು ತೆರೆಯುವುದಕ್ಕೆ ಎಷ್ಟೋ ಮುಂಚೆ ಮದ್ದೂರು ತಾಲ್ಲೂಕಿನಲ್ಲಿಯೇ ಬೇರೊಂದು ಕಟ್ಟುಪಾಡು ನಡೆದುಬಂದಿತ್ತು. ಶಿಂಷಾ ನದಿಗೆ ಸಮೀಪದ ಬೆಳ್ಳೂರಿಗೆ ಪ್ರತಿ ವರ್ಷ ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು, ಮನೆಗಳ ನಡುವಿನ ಹುಣಿಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಅದರಿಂದಲೇ ಅದು ಕೊಕ್ಕರೆ ಬೆಳ್ಳೂರು. ಊರು ಹಿಂದೆ ಶಿಂಷೆಯ ದಡದಲ್ಲಿತ್ತೆಂದೂ, ಪ್ಲೇಗಿಗೆ ಹೆದರಿ ಜನ ಜಾಗ ಬದಲಾಯಿಸಿದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದವೆಂದೂ ಊರವರು ಹೇಳುತ್ತಾರೆ. ಅವುಗಳನ್ನು ಅವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ತವರಿಗೆ ಬಂದ ಮಗಳ ಮೇಲೆ ಕೋವಿ ಎತ್ತಲು ಯಾರು ಬಿಟ್ಟಾರು? ಬೇಟೆಗೆಂದು ಬಂದವರನ್ನು ಊರವರೇ ಹಿಂದಕ್ಕೆ ಕಳಿಸುತ್ತಿದ್ದರು. ಹೊರಗಿನ ಲೋಕಕ್ಕೆ ಈ ಊರನ್ನು ಪರಿಚಯಿಸಿದವರು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು, 1976ರಲ್ಲಿ. 1990ರ ದಶಕದಲ್ಲಿ ಊರಿನ ತರುಣರು ಹೆಜ್ಜಾರ್ಲೆ ಬಳಗವೆಂದು ಸೇರಿ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸಕ್ಕೆ ಕೈಹಾಕಿದರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಬೆಳ್ಳೂರಿನವರ ಈ ನಡತೆಯನ್ನು ಬರಿಯ ಭಾವುಕತೆಯೆಂದು ತಳ್ಳಿಹಾಕುವವರಿದ್ದಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ, ಅದಕ್ಕಾಗಿ ಸಹಿಸುತ್ತಾರೆ ಎಂಬುದು ಅವರ ವಾದ. ಗೊಬ್ಬರವಾಗುವುದು ನಿಜ. ಮರದ ಕೆಳಗೆ ಹಳ್ಳ ತೋಡಿ ಕೆರೆಗೋಡು ತುಂಬಿ ಹಿಕ್ಕೆಯನ್ನು ಕೂಡಿಸುವ ರೈತ ಲೆಕ್ಕ ತಿಳಿಯದವನಲ್ಲ. ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. ಕೊಳೆತ ಮೀನಿನ ವಾಸನೆ ತಿಂಗಳುಗಟ್ಟಲೆ ಮನೆಯ ಅಂಗಳದಲ್ಲಿ ತುಂಬಿರುತ್ತದೆ. ಹುಣಿಸೆ ಬಡಿಯುವ ಕಾಲವೂ ಮರಿ ಬೆಳೆಯುವ ಕಾಲವೂ ಒಂದೇ. ಗೂಡಿರುವ ಕೊಂಬೆಗೆ ಕೋಲು ಹಾಕಿದರೆ ಮೊಟ್ಟೆಯೂ ಮರಿಯೂ ಉದುರುತ್ತವೆ. ಆದ್ದರಿಂದ ಮರದ ಯಜಮಾನ ಆ ವರ್ಷದ ಹುಣಿಸೆಯನ್ನೇ ಬಿಟ್ಟುಬಿಡಬೇಕು.

ನಾನು ಬೆಳ್ಳೂರಿಗೆ ಹೋದದ್ದು ಒಂದು ಭಾನುವಾರ. ಬೀದಿಯಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಒಂದೇ ಹುಣಿಸೆಯ ಕೆಳಗೆ ಹತ್ತಾರು ಜನ ಉದ್ದ ಮೂತಿಯ ಕ್ಯಾಮೆರಾ ಎತ್ತಿ ಹಿಡಿದು ಒಬ್ಬರನ್ನೊಬ್ಬರು ತಳ್ಳುತ್ತ ನಿಂತಿದ್ದರು. ಹಕ್ಕಿ ಹಾರಲೆಂದು ಒಬ್ಬ ತರುಣ ಚಪ್ಪಾಳೆ ತಟ್ಟಿದ. ಜಗುಲಿಯ ಮೇಲೆ ಕೂತಿದ್ದ ಮುದುಕಿ, ‘ಸುಮ್ಕಿರಪ್ಪ, ಮರಿ ಬೀಳ್ತವೆ’ ಎಂದಳು. ಅವನು ನಾಚಿ ಕೈ ಇಳಿಸಿದ. ಮರ ನಿಮ್ಮದೇ ಏನಜ್ಜಿ ಎಂದು ನಾನು ಕೇಳಿದೆ. ಹೌದೆಂದಳು. ಗೂಡಿರುವ ಮರಗಳಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಇದೆಯಲ್ಲ, ಅದು ಸಾಲುತ್ತದೆಯೇ ಎಂದೆ. ಮುದುಕಿ ನಕ್ಕು, ಈ ಸಲ ಸಾರಿಗೆ ಹುಣಿಸೆಹಣ್ಣನ್ನು ಮದ್ದೂರು ಸಂತೆಯಿಂದ ತಂದೆವೆಂದು ಹೇಳಿದಳು.